ಅಟ್ಟದ ಕಾವು

ಉಂಡೆ ಕೊಬ್ಬರಿ ಆಗಲಿಕ್ಕೆ ಹತ್ತು ತಿಂಗಳು ಬೇಕು. ಕೇರಳದ ಕಡೆ ಕಾಯಿ ಎರಡು ಹೋಳು ಮಾಡಿ, ಬಿಸಿಲಿಗೋ ಗೂಡಿಗೋ ಹಾಕಿ, ವಾರದ ಆಚೀಚೆ ಗಾಣಕ್ಕೆ ಕಳಿಸಿಬಿಡುತ್ತಾರೆ. ನಮ್ಮ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ತಾಲ್ಲೂಕುಗಳಲ್ಲಿ, ಗಡಿ ದಾಟಿದರೆ ಸಿಗುವ ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ಅರಸೀಕೆರೆಗಳಲ್ಲಿ ಕಾಯಿ ಒಡೆಯುವುದು ಎಲ್ಲಕ್ಕಿಂತ ಕಡೆಯ ಕೆಲಸ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗುವ ತನಕ ಕಾಯುತ್ತೇವೆ. ನೀರು ಇಂಗಿ, ತಿರುಳು ಬತ್ತಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಒಳಗೆ ಉರುಳುವ ಸದ್ದು ಬರಬೇಕು. ಆಗ ಅದು ಗಿಟುಕು.

ಈ ಹತ್ತು ತಿಂಗಳಲ್ಲಿ ಬಿಸಿಲು ಮಾಡುವ ಕೆಲಸ ಅರ್ಧ, ಇನ್ನರ್ಧ ಹೊಗೆಯದು. ಮುಂಗಾರು ಕೂತ ಮೇಲೆ, ಗಾಳಿಯಲ್ಲಿ ಪಸೆ ಏರಿದಾಗ, ಅಟ್ಟದ ಕೆಳಗೆ ಮಟ್ಟೆ ಹೊಗೆಯಾಡಬೇಕು, ಉರಿಯಬಾರದು. ಆ ಕಾವನ್ನು ಏರದಂತೆ, ಆರದಂತೆ ಹಿಡಿದು ನಿಲ್ಲಿಸುವ ವಿದ್ಯೆ ನಮ್ಮ ಸೀಮೆಯ ಹೆಂಗಸರ ಕೈಯಲ್ಲಿತ್ತು. ತೆಂಗಿನ ಚರಿತ್ರೆ ಬರೆದವರು ತೋಟ, ತಳಿ, ರೋಗ, ಮಂಡಿ, ಬೆಲೆ ಎಲ್ಲ ಬರೆದರು. ಈ ಕಾವಿಗೆ ಅದರಲ್ಲಿ ಒಂದು ಪುಟ ಸಿಗಲಿಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದ ನನಗೆ ಅದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ನಮ್ಮದು ಮತ್ತೋಡಿನ ಹತ್ತಿರದ ಹಳ್ಳಿ. ಮತ್ತೋಡು ಒಂದು ಕಾಲಕ್ಕೆ ಪಾಳೆಯಗಾರರ ಊರು, ಗಾಜಿನ ಬಳೆಗೆ ಹೆಸರಾದ ಊರು. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು ನೋಡಲು ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಚಿತ್ರದುರ್ಗ, ಹಿರಿಯೂರಿನ ದಾರಿಯಲ್ಲಿ ಬಂದ. ಮತ್ತೋಡಿನ ಗಾಜಿನ ಕುಲುಮೆಯ ವಿಚಾರ, ಇಲ್ಲಿನ ಗುಡ್ಡಗಳ ಕಬ್ಬಿಣದ ಅದಿರು ಕರಗಿಸುವವರ ವಿಚಾರ ಅವನ ಪುಸ್ತಕದಲ್ಲಿ ವಿವರವಾಗಿ ಬರುತ್ತವೆ. ಕುಲುಮೆ ಊರ ಹೊರಗೆ ಇರುತ್ತದೆ, ಜೋರಾಗಿ ಉರಿಯುತ್ತದೆ, ತಿದಿ ಒತ್ತುವವರು ಗಂಡಸರು. ಕುದುರೆ ಮೇಲೆ ಬಂದವನ ಕಣ್ಣಿಗೆ ಅದು ಬೀಳುತ್ತದೆ. ಅಡಿಗೆಮನೆಯ ಅಟ್ಟಕ್ಕೆ ಅವನನ್ನು ಯಾರು ಹತ್ತಿಸುತ್ತಾರೆ? ಚಿತ್ರದುರ್ಗದ ಕೋಟೆಗೂ ಇದೇ ಮಾತು. ಎಣ್ಣೆ ಕೊಳ ತೋರಿಸುತ್ತೇವೆ, ಮದ್ದು ಬೀಸುತ್ತಿದ್ದ ಆಳೆತ್ತರದ ಕಲ್ಲುಗಳನ್ನು ತೋರಿಸುತ್ತೇವೆ, 1779ರಲ್ಲಿ ಹೈದರಾಲಿ ದುರ್ಗ ಹಿಡಿದದ್ದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಕೋಟೆಯೊಳಗಿದ್ದ ಅಷ್ಟು ಜನ ಮಳೆಗಾಲದಲ್ಲಿ ತಿನ್ನುವುದನ್ನು ಕೆಡದಂತೆ ಹೇಗೆ ಇಟ್ಟುಕೊಂಡಿದ್ದರು ಎಂದು ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಒಬ್ಬ ಪರೀಕ್ಷಕರೂ ಪ್ರಶ್ನೆ ಕೇಳಲಿಲ್ಲ.

ಅಟ್ಟ ಹೇಗಿರುತ್ತದೆ ಎಂದು ನೋಡದವರಿಗೆ ಹೇಳಬೇಕು. ಮಣ್ಣಿನ ಗೋಡೆಯ ಮನೆಯಲ್ಲಿ ಆಳೆತ್ತರಕ್ಕಿಂತ ಮೇಲೆ ಅಡ್ಡ ತೊಲೆ ಹಾಕಿ, ಅದರ ಮೇಲೆ ಅಡಿಕೆ ದಬ್ಬೆಯನ್ನೋ ಬಿದಿರನ್ನೋ ಬೆರಳು ತೂರುವಷ್ಟು ಸಂದು ಬಿಟ್ಟು ಹಾಸುತ್ತಾರೆ. ಸಂದು ಹೆಚ್ಚಾದರೆ ಕಾಯಿ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಗಾಳಿ ಆಡದೆ ತಳದ ಕಾಯಿ ಬೆವರುತ್ತವೆ. ಮೇಲೆ ನಾಡಹೆಂಚು. ಹೆಂಚಿನ ಸಂದಿಯಲ್ಲಿ ಹೊಗೆ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ, ಹೋಗುವ ಮೊದಲು ಕಾಯಿಗಳ ನಡುವೆ ಒಂದಷ್ಟು ಹೊತ್ತು ನಿಲ್ಲುತ್ತದೆ. ಅನುಕೂಲಸ್ಥರು ಕೊಬ್ಬರಿಗೇ ಬೇರೆ ಮನೆ ಕಟ್ಟಿಸಿದ್ದರು. ಉಳಿದವರದೆಲ್ಲ ಅಡಿಗೆಮನೆಯ ನೆತ್ತಿಯೇ.

ದೋಟಿಯಲ್ಲಿ ಗೊನೆ ಇಳಿಸಿದ ಮೇಲೆ ಕಾಯನ್ನು ಕೆಲವು ದಿನ ನೆರಳಲ್ಲಿ ಗುಡ್ಡೆ ಹಾಕುತ್ತಿದ್ದರು. ಆಮೇಲೆ ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದಳು. ನೀರು ಸಡಿಲವಾಗಿ ಕುಲುಕಿದರೆ ಬಲಿತಿದೆ, ಅಟ್ಟಕ್ಕೆ. ತುಂಬಿದಂತಿದ್ದು ಸದ್ದೇ ಬರದಿದ್ದರೆ ಎಳಸು, ಸಾರಿಗೆ. ಎಳಸು ಕಾಯಿ ಅಟ್ಟಕ್ಕೆ ಹೋದರೆ ತಿರುಳು ಸುಕ್ಕಿಕೊಂಡು ತೊಗಲಾಗುತ್ತದೆ. ಬೇಸಿಗೆಯಲ್ಲಿ ಅಟ್ಟಕ್ಕೆ ಬೆಂಕಿ ಬೇಕೇ ಇಲ್ಲ. ಹಿರಿಯೂರು, ಚಳ್ಳಕೆರೆ ಕಡೆ ವರ್ಷದ ಮಳೆ ಐವತ್ತು ಅರವತ್ತು ಸೆಂಟಿಮೀಟರು. ಮಾರ್ಚ್, ಏಪ್ರಿಲ್‌ನಲ್ಲಿ ಹೆಂಚಿನ ಕೆಳಗಿನ ಬಿಸಿಯೇ ಸಾಕು. ಹೊಸದುರ್ಗದ ನಮ್ಮ ಕಡೆ ಮಳೆ ಸ್ವಲ್ಪ ಜಾಸ್ತಿ. ಆಷಾಢದ ಗಾಳಿ, ಸೋನೆ, ಮೋಡ ಮುಚ್ಚಿದ ವಾರಗಳು ಬಂದರೆ ಅಟ್ಟದ ಕಾಯಿ ಮೊಳೆಯಲು ನೋಡುತ್ತವೆ. ಕಾಯಿ ಎಂದರೆ ಬೀಜ. ಬೆಚ್ಚಗೆ, ತೇವವಾಗಿ ಇಟ್ಟರೆ ಗಿಡವಾಗುವುದು ಅದರ ಧರ್ಮ. ಅದು ಮೊಳೆಯದಂತೆ, ಕೊಳೆಯದಂತೆ, ಸೀಯದಂತೆ ಅಷ್ಟು ತಿಂಗಳು ನಿಲ್ಲಿಸಬೇಕು.

ಸಂಜೆ ಅಡಿಗೆ ಮುಗಿದ ಮೇಲೆ ಅವ್ವ ಒಲೆಯ ಕೆಂಡವನ್ನು ಅಗಲವಾದ ಹಳೇ ಬಾಂಡಲಿಗೆ ತೆಗೆದು, ಅದರ ಮೇಲೆ ಮಟ್ಟೆಯನ್ನು ನಾರಿನ ಕಡೆ ಕೆಳಮುಖ ಮಾಡಿ ಜೋಡಿಸುತ್ತಿದ್ದಳು. ಮಟ್ಟೆ ಪೂರ್ತಿ ಒಣಗಿದ್ದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ, ಪೂರ್ತಿ ಹಸಿಯಾದರೆ ಆರುತ್ತದೆ. ಹಾಗಾಗಿ ಒಣಮಟ್ಟೆಗೆ ನೀರು ಚಿಮುಕಿಸಿ, ಎರಡು ಒಣಗಿದ್ದಕ್ಕೆ ಒಂದು ಹಸಿ ಸೇರಿಸಿ ಇಡುವುದು. ಚಿಪ್ಪನ್ನು ಈ ಬೆಂಕಿಗೆ ಹಾಕಲು ಬಿಡುತ್ತಿರಲಿಲ್ಲ. ಚಿಪ್ಪಿನ ಉರಿ ಜೋರು, ಅಟ್ಟಕ್ಕೆ ಅದು ಶತ್ರು. “ಉರಿ ಬ್ಯಾಡ, ಹೊಗೆ ಸಾಕು” ಎನ್ನುವುದು ಅವಳ ನಿತ್ಯದ ಮಾತು. ಆಮೇಲೆ ಏಣಿ ಹತ್ತಿ, ದಬ್ಬೆಯ ಕೆಳಗೆ ಅಂಗೈ ಹಿಡಿದು ನೋಡುತ್ತಿದ್ದಳು. ಬೆಚ್ಚಗೆ ಅನ್ನಿಸಬೇಕು, ಕೈ ಹಿಂದಕ್ಕೆ ಎಳೆಯಬೇಕು ಅನ್ನಿಸಬಾರದು. ಹೆಚ್ಚಾಯಿತು ಎನಿಸಿದರೆ ಬಾಂಡಲಿಯನ್ನು ಮೂಲೆಗೆ ಸರಿಸುತ್ತಿದ್ದಳು. ಕಡಿಮೆಯಾದರೆ ಕಿಟಕಿಯ ಗೋಣಿ ಇಳಿಬಿಡುತ್ತಿದ್ದಳು. ಬೆಂಕಿಯನ್ನು ದೊಡ್ಡದು ಚಿಕ್ಕದು ಮಾಡುವ ಬದಲು ಬೆಂಕಿಗೂ ಕಾಯಿಗೂ ನಡುವಿನ ದೂರವನ್ನು, ಗಾಳಿಯ ದಾರಿಯನ್ನು ಬದಲಿಸುವುದು ಅವಳ ಕ್ರಮ. ನಡುರಾತ್ರಿ ಒಮ್ಮೆ ಎದ್ದು ಮಟ್ಟೆ ಮಗುಚುವುದೂ ಅವಳದೇ. ಅಪ್ಪ ತೋಟಕ್ಕೆ ನೀರು ಕಟ್ಟಿದ್ದನ್ನು, ಮಂಡಿಗೆ ಗಾಡಿ ಹೂಡಿದ್ದನ್ನು ಊರೆಲ್ಲ ಕಂಡಿತ್ತು.

ಕಾವು ತಪ್ಪಿದರೆ ಏನಾಗುತ್ತದೆ ಎಂಬುದು ಕೊಬ್ಬರಿ ಸುಲಿಯುವ ದಿನ ಬಯಲಾಗುತ್ತದೆ. ಬಿಸಿ ಹೆಚ್ಚಾಗಿದ್ದರೆ ಚಿಪ್ಪು ಒಳಗೇ ಸೀಳಿ, ನೀರು ಸೋರಿ, ತಿರುಳಿಗೆ ಬೂಜು ಹತ್ತಿರುತ್ತದೆ. ಇಲ್ಲವೇ ತಿರುಳು ಚಿಪ್ಪಿಗೆ ಕಚ್ಚಿಕೊಂಡು, ಬಿಡಿಸುವಾಗ ಚೂರಾಗುತ್ತದೆ. ಬಿಸಿ ಸಾಲದಿದ್ದರೆ ಮೊಳಕೆ, ಕೊಳೆ, ಕೌಟು ವಾಸನೆ. ಮೊಳೆತ ಕಾಯಿಯೊಳಗಿನ ಬೆಳ್ಳನೆಯ ಮೆತ್ತನೆಯ ಗಡ್ಡೆಗೆ ನಾವು ಮಕ್ಕಳು ಕಚ್ಚಾಡುತ್ತಿದ್ದೆವು. ನಮಗೆ ಹಬ್ಬವಾದದ್ದು ಮನೆಗೆ ನಷ್ಟ ಎಂದು ಆಗ ಗೊತ್ತಿರಲಿಲ್ಲ.

ಅದೇ ಹೊಗೆಯ ಕೆಳಗಿನ ಮಜಲಿನಲ್ಲಿ, ಕೊಬ್ಬರಿಗಿಂತ ಬೆಂಕಿಗೆ ಹತ್ತಿರದಲ್ಲಿ, ಬಾಡು ತೂಗುತ್ತಿತ್ತು. ಇದನ್ನು ಹೇಳಲು ಹಿಂಜರಿಯುವವರಿದ್ದಾರೆ, ನನಗೆ ಹಿಂಜರಿಕೆಯಿಲ್ಲ. ನಾವು ಊರನಾಯಕರು. ಚಳ್ಳಕೆರೆ, ಮೊಳಕಾಲ್ಮೂರಿನ ಮ್ಯಾಸನಾಯಕರು ಕೋಳಿ ಮುಟ್ಟುವುದಿಲ್ಲ, ಸಾಕುವುದೂ ಇಲ್ಲ. ನಮಗೆ ಆ ಕಟ್ಟಿಲ್ಲ. ಮಾರಿಹಬ್ಬದಲ್ಲಿ ಮನೆಗೊಂದು ಕುರಿ ಬಿದ್ದರೆ ಅಷ್ಟು ಬಾಡು ಒಂದೆರಡು ದಿನದಲ್ಲಿ ಮುಗಿಯುವುದಲ್ಲ. ಐಸ್‌ಪೆಟ್ಟಿಗೆ ಇಲ್ಲದ ಕಾಲ. ಅಜ್ಜಿ ಮೂಳೆ ಬಿಡಿಸಿ, ಎಳೆಯ ಉದ್ದಕ್ಕೆ ಕಿರುಬೆರಳ ದಪ್ಪ ಸೀಳಿ, ಕಲ್ಲುಪ್ಪು ಅರಿಶಿನ ತಿಕ್ಕಿ, ಒಂದು ರಾತ್ರಿ ಬುಟ್ಟಿಯಲ್ಲಿ ನೀರು ಬಸಿಯಲು ಬಿಟ್ಟು, ಮರುದಿನ ಹಗ್ಗಕ್ಕೆ ಪೋಣಿಸುತ್ತಿದ್ದಳು. ಬಿಸಿಲಿದ್ದರೆ ಅಂಗಳದಲ್ಲಿ ಎರಡು ದಿನ, ಆಮೇಲೆ ಒಲೆಯ ಮೇಲೆ. ಮೋಡವಿದ್ದರೆ ನೇರ ಒಲೆಯ ಮೇಲೆ. ಯುಗಾದಿಯ ಬೇಟೆಯಲ್ಲಿ ಪಾಲಿಗೆ ಬಂದ ಮಿಗದ ಬಾಡನ್ನೂ ಹೀಗೇ ಮಾಡುತ್ತಿದ್ದರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ನಿಂತದ್ದು ಸರಿಯೇ ಆಯಿತು. ಜೋಗಿಮಟ್ಟಿಯ ಕಾಡಿನಲ್ಲಿ ಉಳಿದಿರುವುದು ಉಳಿಯಲಿ.

ಒಣಖಂಡದ ಹಗ್ಗ ಮೊದಲ ದಿನ ಎತ್ತರದಲ್ಲಿರಬೇಕು. ಇದು ಅಜ್ಜಿಯ ಕಟ್ಟುನಿಟ್ಟು. ಮೊದಲೇ ಕೆಳಗೆ, ಬಿಸಿಯ ಹತ್ತಿರ ಕಟ್ಟಿದರೆ ಹೊರಗೆ ತೊಗಲು ಗಟ್ಟಿಯಾಗಿ, ಒಳಗಿನ ಪಸೆ ಅಲ್ಲೇ ಸಿಕ್ಕಿಕೊಂಡು ನಾಲ್ಕನೇ ದಿನಕ್ಕೆ ನಾರುತ್ತದೆ. ಪಸೆ ಅರ್ಧ ಹೋದ ಮೇಲೆ ಹಗ್ಗ ಒಂದು ಗೇಣು ಇಳಿಯುತ್ತದೆ. ಕಡೆಗೆ ಸೀಳನ್ನು ಬಗ್ಗಿಸಿದರೆ ಬಿರುಕು ಬಿಡಬೇಕು, ಮುರಿಯಬಾರದು. ಇವತ್ತು ಆಹಾರ ವಿಜ್ಞಾನದ ಪುಸ್ತಕಗಳೂ ಇದನ್ನೇ ಹೇಳುತ್ತವೆ: ಮಾಂಸವಾಗಲಿ ಕೊಬ್ಬರಿಯಾಗಲಿ, ಒಳಗಿನ ನೀರು ಹೊರಮೈಗೆ ಬರುವ ವೇಗಕ್ಕಿಂತ ಹೊರಮೈ ಒಣಗುವ ವೇಗ ಹೆಚ್ಚಾದರೆ ಮೇಲ್ಪದರ ಗಡುಸಾಗಿ ದಾರಿ ಮುಚ್ಚುತ್ತದೆ. ಕೊಬ್ಬರಿಗೆ ಚಿಪ್ಪು ಮಟ್ಟೆಗಳ ಕಾವಲಿದೆ. ಬಾಡಿಗೆ ಅದಿಲ್ಲ, ಆದ್ದರಿಂದ ಅಲ್ಲಿ ಕೈ ಇನ್ನೂ ಸೂಕ್ಷ್ಮವಾಗಿರಬೇಕು. ಉಪ್ಪು ಮೊದಲು, ಹೊಗೆ ಆಮೇಲೆ ಎನ್ನುವ ಕ್ರಮಕ್ಕೂ ಕಾರಣವಿದೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಮಾಂಸದ ಮೇಲೆ ರೋಗಾಣುಗಳು ಬೆಳೆಯುತ್ತವೆ. ಒಲೆಯ ಮೇಲಿನ ಹಗ್ಗ ಇರುವುದು ಈ ಮಿತಿಯೊಳಗೇ. ಉಪ್ಪು ಎಳೆದ ನೀರು, ಗಾಳಿ ಎಳೆದ ನೀರು, ಹೊಗೆಯಲ್ಲಿರುವ ಫೀನಾಲು ಮತ್ತು ಆಮ್ಲ, ಇವು ಮೂರೂ ಸೇರಿದಾಗ ಬಾಡು ಕೆಡದೆ ತಡೆಯುತ್ತದೆ. ಒಂದನ್ನು ಬಿಟ್ಟರೂ ಅಪಾಯ ಹೆಚ್ಚು.

ಕೊಬ್ಬರಿಗೂ ಒಣಖಂಡಕ್ಕೂ ನಂಟು ನಾನು ಕಟ್ಟಿದ್ದಲ್ಲ. ಎರಡನ್ನೂ ತಿನ್ನುವ ಒಂದೇ ಹುಳು ಇದೆ. ನೀಲಿ ಹಸಿರು ಮಿಂಚುವ ಬೆನ್ನು, ಕೆಂಪು ಕಾಲು, ಅಕ್ಕಿ ಕಾಳಿಗಿಂತ ಸಣ್ಣದು. ಕೀಟಶಾಸ್ತ್ರಜ್ಞರು ನೆಕ್ರೋಬಿಯ ರೂಫಿಪೆಸ್ ಎನ್ನುತ್ತಾರೆ. ಯುರೋಪು ಅಮೆರಿಕಗಳಲ್ಲಿ ಒಣಗಿಸಿದ ಹಂದಿ ತೊಡೆಗೆ ಬೀಳುವ ಹುಳುವೆಂದು ಇದರ ಕುಖ್ಯಾತಿ, ತೆಂಗಿನ ನಾಡುಗಳಲ್ಲಿ ಕೊಬ್ಬರಿ ಹುಳುವೆಂದು. ಎಣ್ಣೆಪಸೆಯೂ ಸ್ವಲ್ಪ ತೇವವೂ ಇರುವ ಕಡೆ ಅದು ಬರುತ್ತದೆ. ಚೆನ್ನಾಗಿ ಒಣಗಿ ಹೊಗೆ ಕುಡಿದ ಸರಕಿನ ಹತ್ತಿರ ಕಡಿಮೆ. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ. ಕೊಬ್ಬರಿಯಲ್ಲಿ ಆ ಹುಳು ಕಂಡ ದಿನ ಖಂಡದ ಹಗ್ಗವನ್ನೂ ಇಳಿಸಿ ನೋಡುತ್ತಿದ್ದಳು.

ಅರಮನೆಯ ಅಡಿಗೆಯಾದರೆ ಪುಸ್ತಕಕ್ಕೆ ಸೇರಿದೆ. ಕಲ್ಯಾಣದ ಚಾಳುಕ್ಯ ಮೂರನೇ ಸೋಮೇಶ್ವರ 1131ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸವನ್ನು ಕಂಬಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಡುವ ಬಗೆ, ಹಂದಿಯ ರೋಮ ಸುಟ್ಟು ಹಸನು ಮಾಡುವ ಬಗೆ, ಮಸಾಲೆಯ ಬಗೆ ಎಲ್ಲ ಇದೆ. ಅದು ರಾಜನ ಎಲೆಗೆ ಆ ಹೊತ್ತೇ ಬೀಳುವ ಅಡಿಗೆ. ನಾಳೆಗೆ, ಮುಂದಿನ ತಿಂಗಳಿಗೆ, ಬರದ ವರ್ಷಕ್ಕೆ ಎಂದು ಕೂಡಿಡುವ ಮನೆಯ ಅಡಿಗೆ ಬೇರೆ. ಕೊಡಗಿನ ಮಳೆಗಾಲದಲ್ಲಿ ಒಲೆಯ ಮೇಲೆ ತೂಗುವ ಹಂದಿ ಬಾಡು, ಮಲೆನಾಡಿನ ಹೊಗೆಯಟ್ಟದ ಬಿತ್ತನೆ ಬೀಜ, ನಮ್ಮ ಬಯಲುಸೀಮೆಯ ಖಂಡ ಎಲ್ಲ ಆ ಸಾಲಿಗೆ ಸೇರಿದವು. ಅವುಗಳಲ್ಲಿ ಕೊಡಗಿನದಕ್ಕೆ ಮಾತ್ರ ಈಗ ಹೋಟೆಲಿನ ಪಟ್ಟಿಯಲ್ಲಿ ಗೌರವದ ಜಾಗ ಸಿಕ್ಕಿದೆ. ದಲಿತರ ಕೇರಿಯ ಒಣಖಂಡಕ್ಕೆ ಅದೇ ಉಪ್ಪು, ಅದೇ ಹೊಗೆ, ಅದೇ ಜಾಣ್ಮೆ ಇದ್ದರೂ ಸಿಕ್ಕಿದ್ದು ಬೈಗುಳ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಕೊಬ್ಬರಿ ಮಾತ್ರ ಮನೆಯ ಅಟ್ಟದಿಂದ ದೇಶದ ಮಾರುಕಟ್ಟೆಗೆ ಹೋಯಿತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ, ಬೀರೂರು ಹಾದು ಹರಿಹರದ ಕಡೆ ರೈಲು ಬಂದ ಮೇಲೆ ಗಿಟುಕಿಗೆ ಉತ್ತರದ ದಾರಿ ತೆರೆಯಿತು. ನಮ್ಮ ಜಿಲ್ಲೆಯ ಹೊಸದುರ್ಗ ರೋಡ್, ಚಿಕ್ಕಜಾಜೂರು ನಿಲ್ದಾಣಗಳು ಆ ದಾರಿಯವೇ. ದಿಲ್ಲಿ, ರಾಜಸ್ಥಾನ, ಉತ್ತರಪ್ರದೇಶದ ಮದುವೆ, ಪೂಜೆ, ಹೋಳಿ ಹಬ್ಬಕ್ಕೆ ಇಡೀ ಗಿಟುಕೇ ಬೇಕು. ಅವರು ಅದನ್ನು ಗೋಲಾ ಎನ್ನುತ್ತಾರೆ. ಹೋಳಾದರೆ ಮಂಗಳವಲ್ಲ. ಹೀಗೆ ಸಾವಿರ ಮೈಲಿ ಆಚೆಯ ಶುಭಕಾರ್ಯಕ್ಕೆ ಬಿರುಕಿಲ್ಲದ ಗಿಟುಕು ಬೇಕಾದದ್ದರಿಂದ ನಮ್ಮ ಅಟ್ಟದ ಕೆಳಗಿನ ಕಾವು ಅಷ್ಟು ಹದವಾಗಿ ಉಳಿಯಬೇಕಾಯಿತು. ಎಣ್ಣೆಗೆ ಹೋಗುವ ಕೊಬ್ಬರಿಗೆ ಆ ಕಟ್ಟು ಇಲ್ಲ.

ನೀರಿನ ಚರಿತ್ರೆ ಇದರ ಜೊತೆಗೇ ಇದೆ. ವೇದಾವತಿಗೆ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಹಿರಿಯೂರಿಗೆ ತೋಟ ಕೊಟ್ಟಿತು. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಬರಗಳಲ್ಲಿ, ಕೊಳವೆ ಬಾವಿಗಳು ಬತ್ತಿ, ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಹಿರಿಯೂರಿನಿಂದ ಹೊಸದುರ್ಗದವರೆಗೆ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ವಿವರ ಬೇಡ. 1998ರ ನಂತರ ನುಸಿ ಪೀಡೆ ಬಂದು ಕಾಯಿಯ ಗಾತ್ರವನ್ನೇ ಕುಗ್ಗಿಸಿತು. ಸಣ್ಣ ಕಾಯಿ ಅಟ್ಟದಲ್ಲಿ ಬೇಗ ಬತ್ತುತ್ತದೆ, ದೊಡ್ಡದು ತಡವಾಗಿ. ಎರಡನ್ನೂ ಒಂದೇ ಅಟ್ಟದಲ್ಲಿ ಹಾಕಿದರೆ ಯಾವುದರ ಹದ ನೋಡುವುದು ಎಂದು ಅವ್ವ ಗೊಣಗುತ್ತಿದ್ದಳು. ಕಡೆಗೆ ಸಣ್ಣವನ್ನು ಅಂಚಿಗೆ, ದೊಡ್ಡವನ್ನು ನಡುವಿಗೆ ಹಾಕುವುದೆಂದು ತೀರ್ಮಾನವಾಯಿತು.

ಒಂದು ಕ್ವಿಂಟಲಿಗೆ ಹೆಚ್ಚುಕಡಿಮೆ ಏಳೆಂಟು ನೂರು ಗಿಟುಕು ಬೇಕು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ 2023ರ ಹಂಗಾಮಿಗೆ 11,750 ರೂಪಾಯಿ, 2024ಕ್ಕೆ 12,000, 2025ಕ್ಕೆ 12,100. 2023ರಲ್ಲಿ ಮಂಡಿಯ ಬೆಲೆ ಎಂಟು ಸಾವಿರದ ಆಸುಪಾಸಿಗೆ ಬಿದ್ದ ಮೇಲೆ ಬೆಂಬಲ ಬೆಲೆಯ ನಫೆಡ್ ಖರೀದಿಗೆ ಹೆಸರು ಬರೆಸಲು ರೈತರು ರಾತ್ರಿಯೆಲ್ಲ ಸಾಲು ನಿಂತರು. 2025ರಲ್ಲಿ ಅದೇ ಬೆಲೆ ತಿಪಟೂರಿನಲ್ಲಿ ಇಪ್ಪತ್ತು ಸಾವಿರ ದಾಟಿತು. ಅಷ್ಟು ಹೊತ್ತಿಗೆ ಎಷ್ಟೋ ಅಟ್ಟಗಳು ಖಾಲಿಯಾಗಿದ್ದವು, ಹಲವರು ಎಳನೀರಿಗೇ ಗೊನೆ ಇಳಿಸಿದ್ದರು. ಉತ್ಪಾದನಾ ವೆಚ್ಚ ಲೆಕ್ಕ ಹಾಕುವಾಗ ಮನೆಯವರ ದುಡಿಮೆಗೂ ಕೂಲಿ ಕಟ್ಟಬೇಕೆಂಬುದು ನಿಯಮ. ಆದರೆ ನಡುರಾತ್ರಿ ಎದ್ದು ಮಟ್ಟೆ ಮಗುಚಿದ ಹೊತ್ತು ಯಾವ ಮನೆಯ ಲೆಕ್ಕದ ಪುಸ್ತಕದಲ್ಲಿದೆ?

ಈ ಕೆಲಸವನ್ನು ಹೊಗಳುವ ಭರದಲ್ಲಿ ಹೊಗೆಯನ್ನು ಹೊಗಳಲಾರೆ. ಅವ್ವನ ಕಣ್ಣು ಐವತ್ತಕ್ಕೇ ಮಂಜಾಯಿತು, ಕೆಮ್ಮು ಕಡೆಯವರೆಗೂ ಬಿಡಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹೆಂಗಸರ ಜೊತೆ ಕೂತು ಸೌದೆ ತೂಗಿ, ಹೊಗೆ ಅಳೆದು ರೂಪಿಸಿದ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳಿಗೂ ಬಂತು. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ನೇರ ಹೊರಗೆ. ಅವ್ವನಂಥವರ ಪಾಲಿಗೆ ಅದು ದೊಡ್ಡ ಉಪಕಾರ. ಆದರೆ ಕೊಳವೆ ಬಂದ ಮನೆಯಲ್ಲಿ ಅಟ್ಟಕ್ಕೆ ಹೊಗೆ ಇಲ್ಲವಾಯಿತು. ಮೊದಲು ಹೋದದ್ದು ಖಂಡದ ಹಗ್ಗ. ಆಮೇಲೆ ಬಿತ್ತನೆಯ ಜೋಳದ ತೆನೆ. 2016ರ ಉಜ್ವಲ ಯೋಜನೆಯ ನಂತರ ಗ್ಯಾಸು ಹರಡಿದಂತೆ ಮಣ್ಣಿನ ಒಲೆ ನೀರು ಕಾಯಿಸುವ ಹಂಡೆಗೆ ಮಾತ್ರ ಉಳಿಯಿತು. ಕೊಬ್ಬರಿ ಅಟ್ಟ ಮನೆ ಬಿಟ್ಟು ತಗಡಿನ ಶೆಡ್ಡಿಗೆ ಹೋಯಿತು. ತಗಡು ಹಗಲು ವಿಪರೀತ ಕಾಯುತ್ತದೆ, ರಾತ್ರಿ ಬೇಗ ತಣಿದು ಒಳಗೆ ಹನಿ ಕಟ್ಟುತ್ತದೆ. ಹೆಂಚು ಹೀಗೆ ಮಾಡುತ್ತಿರಲಿಲ್ಲ. ಶೆಡ್ಡಿನ ಕೊಬ್ಬರಿಯಲ್ಲಿ ಸೀಳು ಹೆಚ್ಚು ಎಂದು ಸುಲಿಯಲು ಬರುವ ಹೆಣ್ಣಾಳುಗಳು ಹೇಳುತ್ತಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಏಟು ಹಾಕುವುದು ಅವರ ಕೈ.

ಯಂತ್ರಗಳು ಬಂದಿವೆ. ತೆಂಗಿನ ಸಂಶೋಧನೆ 1916ರಿಂದಲೂ ನಡೆದಿರುವ ಕಾಸರಗೋಡಿನಲ್ಲಿ, ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಸಾವಿರ ಕಾಯಿಯ ಹೋಳುಗಳನ್ನು ಸುಮಾರು ಒಂದು ದಿನದಲ್ಲಿ ಒಣಗಿಸುವ ಪೆಟ್ಟಿಗೆ ಮಾಡಿದ್ದಾರೆ. ಒಂದು ಬಗೆಯದು ಚಿಪ್ಪಿನ ಬೆಂಕಿಯದು: ಚಿಪ್ಪನ್ನು ಸಾಲಾಗಿ ಜೋಡಿಸಿ ಒಂದು ತುದಿಗೆ ಬೆಂಕಿ ಹಚ್ಚಿದರೆ ಐದಾರು ಗಂಟೆ ತಾನಾಗಿ ಉರಿಯುತ್ತದೆ, ಹೊಗೆ ಸರಕಿಗೆ ತಾಗುವುದಿಲ್ಲ. ಇನ್ನೊಂದು ವಿದ್ಯುತ್ತಿನದು. ಅರ್ಧಕ್ಕರ್ಧ ನೀರಿರುವ ಹಸಿ ತಿರುಳನ್ನು ಅವು ನೂರಕ್ಕೆ ಏಳರ ಪಸೆಗೆ ಇಳಿಸುತ್ತವೆ. ಎಣ್ಣೆ ಕೊಬ್ಬರಿಗೆ ಇದಕ್ಕಿಂತ ಒಳ್ಳೆಯದು ಬೇಡ. ಗಿಟುಕಿಗೆ ಮಾತ್ರ ಇವು ಆಗುವುದಿಲ್ಲ. ಚಿಪ್ಪಿನ ಒಳಗಿರುವ ನೀರು ಕಣ್ಣಿನ ಮೂಲಕ, ಚಿಪ್ಪಿನ ಮೈಯ ಮೂಲಕ ಇಷ್ಟಿಷ್ಟೇ ಹೊರಡಬೇಕು. ಅವಸರ ಮಾಡಿದರೆ ಚಿಪ್ಪು ಸೀಳುತ್ತದೆ.

ಗಿಟುಕಿಗೆ ಹೊಂದುವ ದಾರಿಯೊಂದು ನನಗೆ ಕಂಡದ್ದು ಬೇರೆ ಕಡೆ. ತಮ್ಮನ ಮಗ ಅಮೆರಿಕದ ಡಲ್ಲಾಸಿನಲ್ಲಿದ್ದಾನೆ. ಅಲ್ಲಿಗೆ ಹೋಗಿದ್ದಾಗ ಹಿತ್ತಲಿನಲ್ಲಿ ಬೀರುವಿನಷ್ಟು ಎತ್ತರದ ವಿದ್ಯುತ್ ಪೆಟ್ಟಿಗೆಯಲ್ಲಿ ಅವನು ಹಂದಿಯ ಭುಜಕ್ಕೆ ಹೊಗೆ ಕೊಡುತ್ತಿದ್ದ. ಗುಂಡಿ ಒತ್ತಿ 225 ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ ನಮ್ಮ 107ಕ್ಕೆ ನಿಲ್ಲಿಸಿದ್ದ. ಬಾಡು ಕೂತ ತಟ್ಟೆಯ ಪಕ್ಕ ಬೇರೊಂದು ಉಷ್ಣಮಾಪಕದ ಕಡ್ಡಿ ಸಿಕ್ಕಿಸಿದ್ದ. ಪೆಟ್ಟಿಗೆ ಒಂದು ಹೇಳುತ್ತಿತ್ತು, ಕಡ್ಡಿ ಇನ್ನೊಂದು. ಪೆಟ್ಟಿಗೆಯ ಮಾಪಕ ಗೋಡೆಗೆ ಅಂಟಿಕೊಂಡಿರುತ್ತದೆ; ತಂತಿ ಕಾಯ್ದು ನಿಂತ ಮೇಲೂ ಬಿಸಿ ಕೊಂಚ ಹೊತ್ತು ಏರುತ್ತಲೇ ಇರುತ್ತದೆ, ಮತ್ತೆ ಹತ್ತಿಕೊಳ್ಳುವ ಹೊತ್ತಿಗೆ ಬೇಕಾದ್ದಕ್ಕಿಂತ ಕೆಳಗಿಳಿದಿರುತ್ತದೆ ಎಂದು ವಿವರಿಸಿದ. ಅದಕ್ಕಿಂತ ದೊಡ್ಡ ತೊಡಕು ಬೇಸಿಗೆಯದು. ಮರದ ಚಕ್ಕೆ ಹೊಗೆಯಾಡುವುದೂ ಪೆಟ್ಟಿಗೆ ಕಾಯುವುದೂ ಒಂದೇ ತಂತಿಯಿಂದ. ಟೆಕ್ಸಾಸಿನ ಬಿಸಿಲಿಗೆ ಪೆಟ್ಟಿಗೆ ಮೊದಲೇ ಕಾದಿದ್ದರೆ ತಂತಿ ಹತ್ತುವುದೇ ಅಪರೂಪ, ಹೊಗೆಯೇ ಬರುವುದಿಲ್ಲ. “ಅತ್ತೆ, ಬಿಸಿ ಬೇರೆ ಹೊಗೆ ಬೇರೆ ಮಾಡದೆ ಇದು ಸರಿಹೋಗಲ್ಲ” ಎಂದು ಅವನು ಒಂದು ತಗಡಿನ ಡಬ್ಬಿಯಲ್ಲಿ ಚಕ್ಕೆ ಹೊಗೆಯಾಡಿಸಿ, ಒಂದು ಮಾರು ಉದ್ದದ ಕೊಳವೆಯಲ್ಲಿ ಪೆಟ್ಟಿಗೆಗೆ ಬಿಟ್ಟಿದ್ದ. ಕೊಳವೆಯಲ್ಲಿ ಬರುವಾಗಲೇ ಹೊಗೆ ತಣಿಯುತ್ತದೆ. ಆಗ ಬಿಸಿಯನ್ನು ಅದರ ಪಾಡಿಗೆ ಏರಿಸಬಹುದು, ಇಳಿಸಬಹುದು.

ನಾನು ಊರಿಗೆ ಬಂದು ಅದನ್ನು ತಮ್ಮನ ಹೆಂಡತಿಗೆ ಬಿಡಿಸಿ ಹೇಳಿದೆ. ಶೆಡ್ಡಿನ ಕಾವು ಈಗ ಅವಳ ಪಾಲಿನದು. ಕಣ್ಣು ಮಂಜಾದ ಮೇಲೆ ಅವ್ವನನ್ನು ನೋಡಿಕೊಂಡವಳೂ ಅವಳೇ. ಅವಳು ಹೆಚ್ಚು ಮಾತಾಡಲಿಲ್ಲ. ಮುಂದಿನ ಆಷಾಢಕ್ಕೆ ಶೆಡ್ಡಿನ ಹೊರಗೆ, ಗಾಳಿ ಬರುವ ದಿಕ್ಕಿಗೆ, ಮೊಳಕಾಲುದ್ದದ ಗುಂಡಿ ತೋಡಿಸಿ, ಬಾಯಿಗೆ ಕಡಪ ಕಲ್ಲು ಮುಚ್ಚಿ, ಹಳೆಯ ಸಿಮೆಂಟು ಪೈಪಿನ ತುಂಡುಗಳನ್ನು ಮಣ್ಣಿನಲ್ಲಿ ಹೂತು ಅಟ್ಟದ ಕೆಳಗೆ ಬಾಯಿ ಬಿಡಿಸಿದ್ದಳು. ಗುಂಡಿಯಲ್ಲಿ ಮಟ್ಟೆ ಕನಲುತ್ತದೆ, ಹೊಗೆ ಮಣ್ಣಿನೊಳಗೆ ತಣ್ಣಗಾಗಿ ಕಾಯಿಗಳ ನಡುವೆ ಏಳುತ್ತದೆ, ಅವಳು ಹೊರಗೆ ನಿಂತೇ ಕಲ್ಲು ಸರಿಸಿ ಹೆಚ್ಚು ಕಡಿಮೆ ಮಾಡುತ್ತಾಳೆ. ತಗಡಿನ ಕೆಳಗೆ ತೆಂಗಿನ ಗರಿಯ ತಟ್ಟಿ ಕಟ್ಟಿಸಿದ ಮೇಲೆ ಹನಿ ಕಟ್ಟುವುದೂ ತಗ್ಗಿದೆ. ಎರಡು ಪೈಪುಗಳ ಸಂದಿನಲ್ಲಿ ಇನ್ನೂ ಹೊಗೆ ಸೋರುತ್ತಿದೆ. ಅದಕ್ಕೆ ಸಗಣಿ ಮಣ್ಣು ಮೆತ್ತಿದರೆ ಒಣಗಿ ಬಿರಿಯುತ್ತದೆ, ಸಿಮೆಂಟು ಹಾಕಿದರೆ ಮಸಿ ತೆಗೆಯಲು ಬಿಚ್ಚಲಾಗುವುದಿಲ್ಲ. “ಸುಣ್ಣಕ್ಕೆ ಬೆಲ್ಲ ಹಾಕಿ ನೋಡ್ತೀನಿ ಅತ್ತಿಗೆ, ಬೇಕಾದಾಗ ಒಡ್ಕೊಬೋದು” ಅಂದಿದ್ದಾಳೆ.